ಚಿನ್ನ ಹುಟ್ಟೋಕೆ ಎಷ್ಟು ಮೆಟ್ಟಿಲು?

ಪ್ರಶ್ನೆ: ನಕ್ಷತ್ರಗಳಲ್ಲಿ ಭಾರದ ಧಾತುಗಳು ಹೆಂಗೆ ಹುಟ್ತವೆ ಅಂತ ತಿಳಿಯೋಕೆ ನ್ಯೂಕ್ಲಿಯಸ್ಸಿನ ಸ್ಟ್ಯಾಟಿಸ್ಟಿಕ್ಸ್ ನೋಡ್ತಾರಂತೆ. ಅದರಲ್ಲಿ ಇರೋದೇ ಇನ್ನೂರು ಚಿಲ್ಲರೆ ಕಣ, ಎಣಿಸೋಕೆ ಏನಿದೆ ಸಾರ್?

ಉತ್ತರ: ಎಣಿಸೋದು ಕಣಗಳನ್ನಲ್ಲ, ಇಡೀ ನ್ಯೂಕ್ಲಿಯಸ್ ಹತ್ತಬಹುದಾದ ಎನರ್ಜಿ ಮೆಟ್ಟಿಲುಗಳನ್ನ. ಕಬ್ಬಿಣ-56 (ನ್ಯೂಕ್ಲಿಯಸ್ಸಲ್ಲಿ ಒಟ್ಟು 56 ಕಣ ಇರೋ ಕಬ್ಬಿಣ) ತಗೊಳ್ಳಿ, ಮೊದಲನೇ ಮೆಟ್ಟಿಲು 0.85 ಎಂಇವಿ (ಒಂದು ಎಂಇವಿ ಅಂದ್ರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್), ಎರಡನೇದು 2.09 ಹತ್ರ, ಅಲ್ಲೀವರೆಗೂ ಆರಾಮು. ಮೇಲೆ ಹೋದಂಗೆ ಅದೇ ಎನರ್ಜಿನ ಕಣಗಳು ತಮ್ಮತಮ್ಮಲ್ಲಿ ಹಂಚ್ಕೊಳ್ಳೋ ದಾರಿಗಳು ಸಿಕ್ಕಾಪಟ್ಟೆ ಜಾಸ್ತಿ ಆಗ್ತವೆ, ಮೆಟ್ಟಿಲುಗಳು ಒತ್ತೊತ್ತಾಗಿ ಬೀಳ್ತವೆ. ಈ ಏರಿಕೆಗೆ ಭೌತವಿಜ್ಞಾನಿ ಹನ್ಸ್ ಬೆಥೆ 1936ರಲ್ಲೇ ಫಾರ್ಮುಲಾ ಕೊಟ್ಟಿದ್ರು.

ಭಾರದ ಧಾತುಗಳು ಹೆಚ್ಚಾಗಿ ಹುಟ್ಟೋದು ನ್ಯೂಕ್ಲಿಯಸ್‌ಗಳು ನ್ಯೂಟ್ರಾನ್ ನುಂಗಿ ನುಂಗಿ ಬೆಳೆದೇ. ಚಿನ್ನದ್ದೇ ನೋಡಿ. ಚಿನ್ನ-197 ಒಂದು ನ್ಯೂಟ್ರಾನ್ ನುಂಗಿದ್ರೆ ಚಿನ್ನ-198 ಆಗಿ ಸುಮಾರು 6.5 ಎಂಇವಿ ಎತ್ತರದಲ್ಲಿ ನಿಂತಿರುತ್ತೆ, ಅಲ್ಲಿ ನ್ಯೂಟ್ರಾನ್ ಹಿಡಿಯೋ ಮೆಟ್ಟಿಲುಗಳ ನಡುವೆ ಇರೋ ಗ್ಯಾಪ್ ಬರೀ ಹದಿನೈದು ಹದಿನಾರು ಇವಿ (ಎಲೆಕ್ಟ್ರಾನ್ ವೋಲ್ಟ್), ಆದ್ರೆ ಮೂವತ್ತು ಕೋಟಿ ಡಿಗ್ರಿ ಬಿಸಿ ಇರೋ ನಕ್ಷತ್ರದ ಹೊಟ್ಟೇಲಿ ನ್ಯೂಟ್ರಾನ್‌ಗಳ ಎನರ್ಜಿ ಸಾವಿರಾರು ಇವಿ ಅಗಲಕ್ಕೆ ಹರಡಿರುತ್ತೆ, ಅಂದ್ರೆ ಒಟ್ಟಿಗೆ ಸಾವಿರಕ್ಕೂ ಮೇಲೆ ಮೆಟ್ಟಿಲು ಆಟಕ್ಕಿಳಿದಂಗೆ. ಒಂದೊಂದರ ಜಾತಕ ಬರೆಯೋದು ದಂಡ, ನಕ್ಷತ್ರಕ್ಕೆ ಬೇಕಾಗಿರೋದು ಸರಾಸರಿ.

ಹತ್ತಿದ ಮೇಲೆ ಇಳೀಬೇಕಲ್ಲ. ಗಾಮಾ ಕಿರಣ ಬಿಟ್ಟು ಇಳಿದ್ರೆ ನ್ಯೂಟ್ರಾನ್ ಒಳಗೇ ಉಳೀತು, ಇಲ್ಲಾಂದ್ರೆ ಬಂದ ದಾರೀಲೇ ವಾಪಸ್. ಹಂಗಾಗಿ ಎರಡು ವಿಷಯ ಗೊತ್ತಾಗಬೇಕು: ಮೆಟ್ಟಿಲು ಎಷ್ಟು ದಟ್ಟ, ಗಾಮಾ ಎಷ್ಟು ಸಲೀಸಾಗಿ ಹೊರಡುತ್ತೆ. ಇವೆರಡನ್ನೂ 1952ರಲ್ಲಿ ಹೌಸರ್, ಫೆಶ್‌ಬಾಕ್ ಅನ್ನೋ ಇಬ್ಬರು ವಿಜ್ಞಾನಿಗಳು ಕೊಟ್ಟ ಸರಾಸರಿ ಲೆಕ್ಕಕ್ಕೆ ಹಾಕಿದ್ರೆ ನ್ಯೂಟ್ರಾನ್ ಹಿಡಿಯೋ ರೇಟ್ ಸಿಗುತ್ತೆ. (ಅಂದಹಾಗೆ ಆ ಚಿನ್ನ-198 ಉಳಿಯಲ್ಲ, ಅರ್ಧಾಯುಷ್ಯ 2.7 ದಿನ, ಆಮೇಲೆ ಪಾದರಸ. ಪಾದರಸದಿಂದ ಚಿನ್ನ ಮಾಡೋಕೆ ಹೊರಟಿದ್ದ ರಸವಾದಿಗಳಿಗೆ ಪ್ರಕೃತಿ ಉಲ್ಟಾ ಹೊಡೆದಿದೆ.)

ಪ್ರಶ್ನೆ: ಅಷ್ಟು ಸುತ್ತು ಯಾಕೆ? ಲ್ಯಾಬಲ್ಲಿ ನೇರವಾಗಿ ನ್ಯೂಟ್ರಾನ್ ಹೊಡೆದು ಅಳೆಯಬಹುದಲ್ಲ?

ಉತ್ತರ: ಚಿನ್ನದಂಥ ಗಟ್ಟಿ ಆಸಾಮಿಗಳಿಗೆ ಅಳೆದಿದಾರೆ. ಆದ್ರೆ 2017ರ ಆಗಸ್ಟಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿ ಹೊಡೆದ ಸುದ್ದಿ ಬಂತಲ್ಲ, ಅಂಥ ಕಡೆ ಹುಟ್ಟೋ ನ್ಯೂಕ್ಲಿಯಸ್‌ಗಳಲ್ಲಿ ಎಷ್ಟೋ ಒಂದು ಸೆಕೆಂಡೂ ಬದುಕಲ್ಲ, ಟಾರ್ಗೆಟ್ ಮಾಡೋದೆಲ್ಲಿಂದ? ನ್ಯೂಟ್ರಾನನ್ನೇ ಟಾರ್ಗೆಟ್ ಮಾಡೋಣ ಅಂದ್ರೆ ಅದರ ಅರ್ಧಾಯುಷ್ಯವೂ ಹತ್ತೇ ನಿಮಿಷ.

ಅದಕ್ಕೇ ಓಸ್ಲೋ ವಿಧಾನ. ಪ್ರೋಟಾನ್ ಥರದ ಹಗುರ ಕಣ ಹೊಡೀತಾರೆ, ಸಿಡಿದು ಹೊರಬಂದ ಕಣದ ಎನರ್ಜಿ ನೋಡಿ ನ್ಯೂಕ್ಲಿಯಸ್ ಎಷ್ಟು ಎತ್ತರಕ್ಕೆ ಹತ್ತಿದೆ ಅಂತ ಗೊತ್ತಾಗುತ್ತೆ, ಅದೇ ಹೊತ್ತಿಗೆ ಬಂದ ಗಾಮಾಗಳನ್ನೂ ಹಿಡಿದು ಜೋಡಿಸಿದ್ರೆ ಮೆಟ್ಟಿಲುಗಳ ದಟ್ಟಣೆ, ಗಾಮಾ ಬಲ (ಗಾಮಾ ಎಷ್ಟು ಸಲೀಸಾಗಿ ಹೊರಡುತ್ತೆ ಅನ್ನೋದು) ಎರಡೂ ಒಂದೇ ಪ್ರಯೋಗದಲ್ಲಿ ಬರ್ತವೆ. ನಾರ್ವೆಯ ಓಸ್ಲೋ ಯೂನಿವರ್ಸಿಟಿಯ ಸೈಕ್ಲೋಟ್ರಾನ್‌ನಲ್ಲಿ (ಕಣಗಳಿಗೆ ವೇಗ ಕೊಡೋ ಯಂತ್ರ) ಈಗ ಇದಕ್ಕೆ ಮೂವತ್ತು ದೊಡ್ಡ ಡಿಟೆಕ್ಟರ್ ಇರೋ 'ಆಸ್ಕರ್' ಇದೆ.

ನನಗೆ ಮಜಾ ಅನ್ಸಿದ್ದು 2004ರ ಕಥೆ. ಕಬ್ಬಿಣದಲ್ಲಿ ಕಡಿಮೆ ಎನರ್ಜಿ ಕಡೆ ಹೋದಂಗೆ ಗಾಮಾ ಬಲ ಇಳೀಬೇಕಿತ್ತು, ಇಳಿಯೋದು ಬಿಟ್ಟು ಏರಿತು! ನ್ಯೂಟ್ರಾನ್ ತುಂಬ್ಕೊಂಡಿರೋ ನ್ಯೂಕ್ಲಿಯಸ್‌ಗಳಲ್ಲೂ ಹಿಂಗೇ ಆದ್ರೆ ಹಿಡಿಯೋ ರೇಟ್ ಹತ್ತಾರು ಪಟ್ಟು ಮೇಲೆ ಹೋಗಬಹುದು. ಈ ಏರು ಎಲೆಕ್ಟ್ರಿಕ್ ಥರದ್ದಾ ಮ್ಯಾಗ್ನೆಟಿಕ್ ಥರದ್ದಾ ಅನ್ನೋ ವಾದ ಇನ್ನೂ ನಡೀತಾನೇ ಇದೆ.