ಮುದ್ದೆ, ಮಾತ್ರೆ, ವಾಂತಿ: ತೂಕದ ಆಪರೇಷನ್ ಬಗ್ಗೆ ಓದುಗರ ಪ್ರಶ್ನೆಗಳು

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವು. ಆಪರೇಷನ್ ಬೆಂಗಳೂರಿನಲ್ಲಿ, ಆಮೇಲಿನ ಊಟ ಉಪಚಾರ ಊರಿನಲ್ಲಿ. ತೊಡಕು ಹುಟ್ಟುವುದು ಬಹುಪಾಲು ಊರಿಗೆ ಬಂದ ಮೇಲೆಯೇ. ಒಬ್ಬ ಶಸ್ತ್ರಚಿಕಿತ್ಸಕರು ಮತ್ತು ಒಬ್ಬ ಆಹಾರ ತಜ್ಞೆ ಸೇರಿ ಉತ್ತರ ಬರೆದಿದ್ದಾರೆ.

ಪ್ರಶ್ನೆ: ನನಗೆ 38 ವರ್ಷ. ಎತ್ತರ 157 ಸೆಂ.ಮೀ., ತೂಕ 104 ಕೆ.ಜಿ. ಸಕ್ಕರೆ ಕಾಯಿಲೆ ಇದೆ, ರಾತ್ರಿ ಮಲಗಿದರೆ ಎದೆಯುರಿ, ಹುಳಿತೇಗು. ಒಬ್ಬ ಡಾಕ್ಟರು ಸ್ಲೀವ್ ಅಂತಾರೆ, ಇನ್ನೊಬ್ಬರು ಬೈಪಾಸ್ ಅಂತಾರೆ. ಯಾವುದು ಮಾಡಿಸಲಿ? ಇನ್ಶೂರೆನ್ಸ್‌ನಲ್ಲಿ ಆಗುತ್ತಾ?
– ಓದುಗರು, ಗುಬ್ಬಿ

ಉತ್ತರ: ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ನಿಮ್ಮದು ಸುಮಾರು 42. ಆಪರೇಷನ್ ಬೇಕೇ ಎನ್ನುವುದರಲ್ಲಿ ಅನುಮಾನವಿಲ್ಲ, ಯಾವುದು ಎನ್ನುವುದೇ ಪ್ರಶ್ನೆ.

ಸ್ಲೀವ್‌ನಲ್ಲಿ ಜಠರದ ಹೊರಬಾಗಿನ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಸ್ಟೇಪ್ಲರ್ ಹೊಡೆದು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಒಂದು ಸಣ್ಣ ಕೊಳವೆ. ಆ ಕೊಳವೆಯೊಳಗೆ ಒತ್ತಡ ಹೆಚ್ಚು, ಹಾಗಾಗಿ ಮೊದಲೇ ಎದೆಯುರಿ ಇದ್ದವರಿಗೆ ಅದು ಜಾಸ್ತಿಯಾಗುವ ಸಂಭವವಿದೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚೀಲ ಮಾಡಿ, ಸಣ್ಣಕರುಳನ್ನು ನೇರ ಅದಕ್ಕೇ ಜೋಡಿಸುತ್ತಾರೆ. ಆಮ್ಲ ಮೇಲಕ್ಕೆ ಬರುವುದು ತಗ್ಗುತ್ತದೆ, ಸಕ್ಕರೆ ಹತೋಟಿಯೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅದರ ಬದಲಿಗೆ ಜೀವನಪೂರ್ತಿ ವಿಟಮಿನ್ ಮಾತ್ರೆಯ ಕಟ್ಟುನಿಟ್ಟು ಇನ್ನೂ ಬಿಗಿ. ಎಂಡೋಸ್ಕೋಪಿ ಮಾಡಿಸಿ. ಅನ್ನನಾಳದಲ್ಲಿ ಹುಣ್ಣಾಗಲಿ, ಜಠರದ ಮೇಲ್ಭಾಗ ಎದೆಗೂಡಿಗೆ ಜರುಗಿದ ದೊಡ್ಡ ಹರ್ನಿಯಾ ಆಗಲಿ ಕಂಡರೆ ನಮ್ಮ ಒಲವು ಬೈಪಾಸ್ ಕಡೆಗೆ. ಸ್ಲೀವ್ ಬೇಗ ಮುಗಿಯುತ್ತದೆ ಎನ್ನುವ ಒಂದೇ ಕಾರಣಕ್ಕೆ ಅದನ್ನು ಆರಿಸಬೇಡಿ.

ವಿಮೆಯಲ್ಲಿ ಸ್ಥೂಲಕಾಯದ ಆಪರೇಷನ್ನಿಗೆ ವಿಮಾ ನಿಯಂತ್ರಣ ಪ್ರಾಧಿಕಾರದ ಷರತ್ತುಗಳಿವೆ. ವಯಸ್ಸು 18 ದಾಟಿರಬೇಕು. ಬಿಎಂಐ 40 ಅಥವಾ ಮೇಲಿರಬೇಕು, ಇಲ್ಲವೇ 35ರ ಮೇಲಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ಉಸಿರುಗಟ್ಟುವಂಥ ತೀವ್ರ ತೊಂದರೆ ಇರಬೇಕು. ಬೇರೆ ಕ್ರಮಗಳು ಫಲ ಕೊಟ್ಟಿರಬಾರದು. ಡಯಟ್ ಮಾಡಿದ ದಾಖಲೆ, ಹಳೆಯ ಚೀಟಿಗಳನ್ನು ಎಸೆಯಬೇಡಿ. ಪಾಲಿಸಿಯ ಕಾಯುವ ಅವಧಿ ಮುಗಿದಿದೆಯೇ ನೋಡಿಕೊಂಡು, ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಹೆಂಡತಿಗೆ ಆಪರೇಷನ್. ಹದಿನೈದು ದಿನ ಮೊದಲೇ ಬರೀ ನೀರಾಹಾರ ಅಂದಿದ್ದಾರೆ. ಅಷ್ಟು ಅಗತ್ಯವೇ? ಊರಿಗೆ ಬಂದ ಮೇಲೆ ಏನಾದರೆ ವಾಪಸ್ ಓಡಬೇಕು?
– ಓದುಗರು, ಮುಳಬಾಗಿಲು

ಉತ್ತರ: ಅಗತ್ಯ. ಯಕೃತ್ತಿನ ಎಡಭಾಗ ಜಠರದ ಮೇಲೆ ಹೊದ್ದುಕೊಂಡಿರುತ್ತದೆ. ಕೊಬ್ಬು ತುಂಬಿ ಊದಿದ್ದರೆ ಅದನ್ನು ಎತ್ತಿ ಹಿಡಿಯುವುದೇ ಕಷ್ಟ, ರಕ್ತ ಒಸರುತ್ತದೆ, ಕೆಲವೊಮ್ಮೆ ಆಪರೇಷನ್ ಅರ್ಧಕ್ಕೆ ನಿಲ್ಲಿಸಬೇಕಾಗುತ್ತದೆ. ದಿನಕ್ಕೆ 800ರಿಂದ 1,000 ಕ್ಯಾಲೊರಿಯ ಎರಡು ವಾರದ ಪಥ್ಯದಲ್ಲಿ ಅದು ಕುಗ್ಗುತ್ತದೆ. ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಈ ದಿನಗಳಲ್ಲೇ ಪ್ರಮಾಣ ತಗ್ಗಿಸಬೇಕು, ವೈದ್ಯರನ್ನು ಕೇಳಿ. ಊಟ ಕಮ್ಮಿ ಮಾಡಿ ಹಳೇ ಡೋಸನ್ನೇ ಮುಂದುವರಿಸಿದರೆ ಸಕ್ಕರೆ ಕುಸಿದು ತಲೆಸುತ್ತಿ ಬೀಳುತ್ತಾರೆ.

ಎಲ್ಲ ಸರಿಯಿದ್ದರೆ ಎರಡು ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ. ಬರುವಾಗ ಗಂಟೆಗೊಮ್ಮೆ ಕಾರು ನಿಲ್ಲಿಸಿ ಐದು ನಿಮಿಷ ನಡೆಸಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ. ಮೊದಲ ಎರಡು ಮೂರು ದಿನ ಭುಜದಲ್ಲಿ ನೋವು ಬರುವುದು ಹೊಟ್ಟೆಗೆ ತುಂಬಿದ ಗ್ಯಾಸಿನಿಂದ, ದಿನದಿಂದ ದಿನಕ್ಕೆ ಇಳಿಯುತ್ತದೆ. ಇಳಿದ ನೋವು ಮತ್ತೆ ಏರಿದರೆ, ಅದರಲ್ಲೂ ಎಡಭುಜ ಹಾಗೂ ಹೊಟ್ಟೆಯ ಮೇಲ್ಭಾಗದಲ್ಲಿ, ಹುಷಾರಾಗಿ. ನಾಡಿ 120 ದಾಟುವುದು, ಜ್ವರ, ಏದುಸಿರು, ಸುಮ್ಮನೆ ಒಂದು ಥರಾ ಚಡಪಡಿಕೆ – ಇವು ಜಠರದ ಒಳಹೊಲಿಗೆ ಸೋರುತ್ತಿರುವ ಸೂಚನೆ ಇರಬಹುದು. ಜ್ವರಕ್ಕಿಂತ ನಾಡಿಯೇ ಮೊದಲು ಹೇಳುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದು ಮನೆಯಲ್ಲಿರಲಿ, ಬೆಳಿಗ್ಗೆ ಸಂಜೆ ಅದರಲ್ಲಿ ನಾಡಿ ನೋಡಿ. ಒಂದು ಕಾಲಷ್ಟೇ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಬೇರೆ ಅಪಾಯ, ಅದಕ್ಕೂ ಅದೇ ಓಟ. ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ: ಸ್ಲೀವ್ ಆಗಿ ಏಳು ವಾರ. ಮೊನ್ನೆ ಆಸೆಯಾಗಿ ಅಡಿಕೆ ಗಾತ್ರದ ಮುದ್ದೆ ಸೊಪ್ಪಿನ ಸಾರಲ್ಲಿ ಅದ್ದಿ ನುಂಗಿದೆ. ಎದೆಯಲ್ಲಿ ಕಲ್ಲು ಸಿಕ್ಕಿಕೊಂಡ ಹಾಗಾಯ್ತು. ನೀರು ಕುಡಿದರೆ ಅದೂ ವಾಪಸ್, ಬಾಯಿ ತುಂಬ ನೊರೆ. ಒಂದು ಗಂಟೆ ಆದ ಮೇಲೆ ಸರಿಹೋಯ್ತು. ಇನ್ನು ಮುದ್ದೆ ಜನ್ಮದಲ್ಲಿ ತಿನ್ನೋ ಹಾಗಿಲ್ವಾ?
– ಓದುಗರು, ಚಿಂತಾಮಣಿ

ಉತ್ತರ: ತಿನ್ನಬಹುದು, ಈಗಲ್ಲ, ನುಂಗುವ ಹಾಗೂ ಇಲ್ಲ.

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಲ್ಲಿ ಹೊರಳಿಸಿ, ಗಂಟಲಿಗೆ ಜಾರಿಸುತ್ತೇವೆ. ಅಷ್ಟು ದೊಡ್ಡ ತುಂಡನ್ನು ಹಳೆಯ ಜಠರ ಕೂಡಿಟ್ಟುಕೊಂಡು ನಿಧಾನಕ್ಕೆ ಕಡೆಯುತ್ತಿತ್ತು. ಈಗ ಕೂಡಿಟ್ಟುಕೊಳ್ಳುವ ಚೀಲವೇ ಇಲ್ಲ. ಸ್ಲೀವ್ ಕೊಳವೆಯ ನಡುವಿನ ಬಾಗು ಅತಿ ಕಿರಿದು, ಗಟ್ಟಿಯಾಗಿ ತಿರುವಿದ ಮುದ್ದೆ ಅಲ್ಲೇ ಬಿರಡೆಯಂತೆ ಕೂರುತ್ತದೆ. ಮೇಲಿಂದ ನೀರು ಹಾಕಿದರೆ ಅದಕ್ಕೆ ಹೋಗಲು ದಾರಿಯಿಲ್ಲ. ನೊರೆ ಎಂದರೆ ಇಳಿಯಲಾಗದ ಎಂಜಲು. ಇನ್ನೊಮ್ಮೆ ಹೀಗಾದರೆ ನೀರು, ಸೋಡಾ ಯಾವುದೂ ಬೇಡ. ಎದ್ದು ಮೆಲ್ಲಗೆ ಓಡಾಡಿ, ಎಂಜಲು ಉಗಿಯಿರಿ, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಬೇಡಿ. ಮೂರ್ನಾಲ್ಕು ಗಂಟೆಯಾದರೂ ಎಂಜಲೇ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ, ಎಂಡೋಸ್ಕೋಪಿಯಲ್ಲಿ ತೆಗೆಯಬೇಕಾಗಬಹುದು. ಮೆದು ಇಡ್ಲಿ, ಮೊಸರನ್ನ ಕೂಡ ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದರೆ ಕೊಳವೆ ಎಲ್ಲಾದರೂ ಕಿರಿದಾಗಿದೆಯೇ ನೋಡಬೇಕು. ಹಾಗಿದ್ದರೆ ಬಲೂನ್ ಹಾಕಿ ಹಿಗ್ಗಿಸುತ್ತಾರೆ.

ಮುದ್ದೆಗೆ ಸುಮಾರು ಮೂರು ತಿಂಗಳು ಕಳೆಯಲಿ. ಅಂಬಲಿಗೂ ಮುದ್ದೆಗೂ ನಡುವಿನ ಹದಕ್ಕೆ ಮೆದುವಾಗಿ ಮಾಡಿಸಿ, ಬಿಸಿಯಿರುವಾಗಲೇ ಕಡಲೆಕಾಳಿನಷ್ಟು ತೆಗೆದುಕೊಂಡು ಹಲ್ಲಿಗೆ ಕೊಡಿ. ಆರಿದ ಮುದ್ದೆ ಬಿಗಿಯುತ್ತದೆ, ಅದು ಬೇಡ. ಮುದ್ದೆ ಅಗಿಯೋರನ್ನ ನೋಡಿ ಮನೆಯವರು ನಕ್ಕರೆ ನಗಲಿ. ಬ್ರೆಡ್, ಅಂಟಂಟು ಅನ್ನ, ಒಣಗಿದ ಚಿಕನ್ ತುಂಡು ಕೂಡ ಹೀಗೇ ಸಿಕ್ಕಿಕೊಳ್ಳುವ ಪದಾರ್ಥಗಳೇ.

ಅಲ್ಲಿಯವರೆಗೆ ರಾಗಿ ಬೇಕೆನಿಸಿದರೆ ಎರಡು ಚಮಚ ಹಿಟ್ಟು, 300 ಮಿ.ಲೀ. ನೀರು, ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಯಿರಿ. ಒಂದು ಮಾತು, ರಾಗಿಯಲ್ಲಿ ಸುಣ್ಣದಂಶ ಧಾರಾಳ, ಪ್ರೋಟೀನ್ 100 ಗ್ರಾಂಗೆ ಏಳು ಗ್ರಾಂ ಮಾತ್ರ. ಎರಡು ಚಮಚದಲ್ಲಿ ಒಂದೂವರೆ ಗ್ರಾಂ ಸಿಕ್ಕರೆ ಹೆಚ್ಚು. ನಿಮಗೆ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಅಂಬಲಿಯಿಂದಲೇ ಹೊಟ್ಟೆ ತುಂಬಿಸಿಕೊಂಡರೆ ಕರಗುವುದು ಕೊಬ್ಬಿನ ಜೊತೆಗೆ ಮಾಂಸಖಂಡ.

ಬಸ್ಸಾರಿನಲ್ಲೇ ನೋಡಿ. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತೇವೆ, ಕಾಳು ಪಲ್ಯಕ್ಕೆ ಹೋಗುತ್ತದೆ. ಪಥ್ಯದವರಿಗೆ ಅಂತ ಮನೆಯಲ್ಲಿ ಸಾರು ಬಡಿಸಿ ಪಲ್ಯ ತಪ್ಪಿಸುತ್ತಾರೆ. ಆಗಬೇಕಾದ್ದು ಇದರ ತಿರುವುಮುರುವು: ಸಾರು ಬಿಡಿ, ಪಲ್ಯವನ್ನು ಚಮಚದಲ್ಲಿ ಹಿಸುಕಿ ಮೊದಲು ತಿನ್ನಿ. ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆ ಇನ್ನೂ ಒಳ್ಳೆಯದು, ಸಿಪ್ಪೆ ಹೋಗಿರುವುದರಿಂದ ಹೊಟ್ಟೆಯುಬ್ಬರ ಕಮ್ಮಿ.

60 ಗ್ರಾಂ ತಲುಪುವ ಒಂದು ದಾರಿ: ಬೆಳಿಗ್ಗೆ 200 ಮಿ.ಲೀ. ಹಾಲಿಗೆ ಒಂದು ಅಳತೆ ವ್ಹೇ ಎನ್ನುವ ಹಾಲಿನ ಪ್ರೋಟೀನ್ ಪುಡಿ (ಎರಡೂ ಸೇರಿ ಪ್ರೋಟೀನ್ ಸುಮಾರು 30 ಗ್ರಾಂ), ಅರ್ಧ ಗಂಟೆಯಲ್ಲಿ ನಿಧಾನವಾಗಿ. ಹತ್ತು ಗಂಟೆಗೆ ಬೇಯಿಸಿದ ಮೊಟ್ಟೆ (6). ಮಧ್ಯಾಹ್ನ ನಾಲ್ಕು ಚಮಚ ಕಾಳು ಪಲ್ಯ (5). ಸಂಜೆ 50 ಗ್ರಾಂ ಪನ್ನೀರ್ (9). ರಾತ್ರಿ ಅರ್ಧ ಬಟ್ಟಲು ಗಟ್ಟಿ ಬೇಳೆ, ಇನ್ನೊಂದು ಮೊಟ್ಟೆ (10). ಜಾಗ ಉಳಿದರೆ ಮಾತ್ರ ಅನ್ನ, ಅರ್ಧ ತಟ್ಟೆ ಇಡ್ಲಿ. ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ದಿನಕ್ಕೆ ಒಂದೂವರೆ ಲೀಟರಿಗೆ ಕಮ್ಮಿಯಾಗದಿರಲಿ.

ಪ್ರಶ್ನೆ: ಅಕ್ಕನಿಗೆ ಬೈಪಾಸ್ ಆಗಿ ಎರಡು ತಿಂಗಳು. ಮೂರು ವಾರದಿಂದ ತಿಂದದ್ದೆಲ್ಲ ವಾಂತಿ. ಇಲ್ಲೇ ಕ್ಲಿನಿಕ್‌ನಲ್ಲಿ ಎರಡು ಸಲ ಗ್ಲೂಕೋಸ್ ಏರಿಸಿದರು. ಈಗ ನಡೆಯುವಾಗ ತೂರಾಡುತ್ತಾಳೆ, ಒಂದು ಎರಡಾಗಿ ಕಾಣುತ್ತೆ ಅಂತಾಳೆ. ನಿಶ್ಶಕ್ತಿ ಅಂತಾರೆ.
– ಓದುಗರು, ಶಿರಾ

ಉತ್ತರ: ಅಚ್ಚಿಗೆ ಕಾಯದೆ ನಿಮಗೆ ಫೋನಿನಲ್ಲೇ ತಿಳಿಸಿದ್ದೇವೆ. ಬೇರೆಯವರಿಗೂ ಗೊತ್ತಿರಲೆಂದು ಇಲ್ಲಿ ಹಾಕುತ್ತಿದ್ದೇವೆ.

ಇದು ಬರೀ ನಿಶ್ಶಕ್ತಿಯಲ್ಲ. ಥಯಾಮಿನ್, ಅಂದರೆ ಬಿ1 ವಿಟಮಿನ್, ದೇಹದಲ್ಲಿ ಎರಡು ಮೂರು ವಾರಕ್ಕೆ ಸಾಲುವಷ್ಟೇ ಇರುತ್ತದೆ. ಬಿಡದೆ ವಾಂತಿಯಾದರೆ ಖಾಲಿ. ಸಕ್ಕರೆಯನ್ನು ಉರಿಸಲು ಅದೇ ಬೇಕು. ಖಾಲಿಯಾದ ದೇಹಕ್ಕೆ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ಬಾಟಲಿ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳುತ್ತದೆ. ತೂರಾಟ, ಎರಡೆರಡು ಕಾಣುವುದು, ಮಂಕು ಇವೇ ಗುರುತು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು.

ಮೊದಲು ಥಯಾಮಿನ್ ರಕ್ತನಾಳಕ್ಕೆ, ಆಮೇಲೆ ಗ್ಲೂಕೋಸ್. ಪ್ರಮಾಣ ಒಂದು ಸಲಕ್ಕೆ 200ರಿಂದ 500 ಮಿ.ಗ್ರಾಂ, ಎಷ್ಟು ಸಲ ಎನ್ನುವುದು ವೈದ್ಯರ ತೀರ್ಮಾನ. ಮಾಮೂಲಿ ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ನಾಗಲಿ, ಮಾತ್ರೆಯಾಗಲಿ ಈ ಸ್ಥಿತಿಗೆ ಸಾಲದು. ರಕ್ತ ಪರೀಕ್ಷೆಯ ಫಲಿತಾಂಶಕ್ಕೂ ಕಾಯುವಂತಿಲ್ಲ. ಬೆಂಗಳೂರಿಗೆ ಹೊರಡುವ ಮೊದಲೇ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಮೊದಲ ಡೋಸ್ ಹಾಕಿಸಿ. ಡಿಸ್ಚಾರ್ಜ್ ಚೀಟಿ ತೋರಿಸಿ, ‘ಹೊಟ್ಟೆ ಬೈಪಾಸ್ ಆಗಿದೆ’ ಎಂದೇ ಹೇಳಿ. ಬರೀ ‘ಬೈಪಾಸ್’ ಎಂದರೆ ಹೃದಯದ್ದು ಅಂದುಕೊಳ್ಳುತ್ತಾರೆ. ವಾಂತಿಗೆ ಕಾರಣ ಜೋಡಣೆ ಕಿರಿದಾಗಿರುವುದೋ ಹುಣ್ಣೋ ಎಂಬುದನ್ನು ಆಮೇಲೆ ಹುಡುಕಬೇಕು. ಆಪರೇಷನ್ ಆದವರು ಯಾರೇ ಆಗಲಿ, ಎರಡು ಮೂರು ದಿನ ಸತತ ವಾಂತಿಯಾದರೆ ಮೂರು ವಾರ ಕಳೆಯಲು ಬಿಡಬೇಡಿ.

ಪ್ರಶ್ನೆ: ನಾಲ್ಕು ತಿಂಗಳಲ್ಲಿ 24 ಕೆ.ಜಿ. ಇಳಿದಿದ್ದೇನೆ. ಖುಷಿ. ಆದರೆ ಬಾಚಿದರೆ ಮುಷ್ಟಿ ಕೂದಲು. ಮಾತ್ರೆಗಳನ್ನು ಮರೆಯಬಾರದೆಂದು ಎಲ್ಲ ಒಟ್ಟಿಗೆ ಬೆಳಿಗ್ಗೆ ಕಾಫಿ ಜೊತೆ ನುಂಗುತ್ತೇನೆ.
– ಓದುಗರು, ಬಂಗಾರಪೇಟೆ

ಉತ್ತರ: ವೇಗವಾಗಿ ತೂಕ ಇಳಿದಾಗ ಮೂರನೇ ತಿಂಗಳ ಸುಮಾರಿಗೆ ಕೂದಲು ಉದುರುವುದು ಸಹಜ, ಬೇರು ಸತ್ತಿರುವುದಿಲ್ಲ, ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ವರ್ಷ ದಾಟಿಯೂ ನಿಲ್ಲದಿದ್ದರೆ ಕಬ್ಬಿಣ, ಸತು, ಪ್ರೋಟೀನ್ ಕೊರತೆ ನೋಡಬೇಕು. ಎಣ್ಣೆ ಬದಲಿಸಿ ದುಡ್ಡು ಹಾಳು ಮಾಡಬೇಡಿ.

ಮಾತ್ರೆಯ ವಿಧಾನ ಮಾತ್ರ ತಪ್ಪು. ಕಬ್ಬಿಣ, ಕ್ಯಾಲ್ಸಿಯಂ ಒಂದನ್ನೊಂದು ತಡೆಯುತ್ತವೆ, ಕಾಫಿ ಟೀ ಕಬ್ಬಿಣವನ್ನು ಇನ್ನಷ್ಟು ತಡೆಯುತ್ತದೆ. ಕಬ್ಬಿಣವನ್ನು ರಾತ್ರಿ ನಿಂಬೆ ನೀರಿನ ಜೊತೆ ತೆಗೆದುಕೊಳ್ಳಿ. ಮುಟ್ಟಾಗುವ ಹೆಂಗಸರಿಗೆ ದಿನಕ್ಕೆ 45ರಿಂದ 60 ಮಿ.ಗ್ರಾಂ ಬೇಕು. ಸಿಟ್ರೇಟ್ ರೂಪದ ಕ್ಯಾಲ್ಸಿಯಂ ದಿನಕ್ಕೆ ಒಟ್ಟು 1,200ರಿಂದ 1,500 ಮಿ.ಗ್ರಾಂ, ಒಂದು ಸಲಕ್ಕೆ 500–600 ಮಾತ್ರ, ಕಬ್ಬಿಣಕ್ಕೂ ಅದಕ್ಕೂ ಎರಡು ಗಂಟೆ ಅಂತರ. ಅಗ್ಗ ಅಂತ ಕಾರ್ಬೊನೇಟ್ ಕೊಟ್ಟರೆ ಬೇಡವೆನ್ನಿ, ಅದು ಕರಗಲು ಆಮ್ಲ ಬೇಕು, ನಿಮಗೀಗ ಅದೇ ಕಮ್ಮಿ. ಬಿ12 ದಿನಾ ಮಾತ್ರೆಯಾಗಿ ಅಥವಾ ತಿಂಗಳಿಗೊಮ್ಮೆ 1,000 ಮೈಕ್ರೋಗ್ರಾಂ ಇಂಜೆಕ್ಷನ್.

ಪ್ರಶ್ನೆ: ಮದುವೆಯಾಗಿ ಆರು ವರ್ಷ. ಆಪರೇಷನ್ ಆಗಿ ಐದು ತಿಂಗಳಿಗೆ ಮುಟ್ಟು ಸರಿಯಾಗಿದೆ. ಮಗು ಯಾವಾಗ?
– ಓದುಗರು, ಗೌರಿಬಿದನೂರು

ಉತ್ತರ: ಆಪರೇಷನ್ ಆದ ದಿನದಿಂದ 12ರಿಂದ 18 ತಿಂಗಳು ತಡೆಯಿರಿ. ತೂಕ ಇಳಿದಂತೆ ಗರ್ಭ ಬೇಗ ನಿಲ್ಲುತ್ತದೆ, ಜನ ಮೈಮರೆಯುವುದು ಅಲ್ಲೇ. ಬೈಪಾಸ್ ಆಗಿದ್ದರೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಲ್ಪಡದಿರಬಹುದು, ಕಾಪರ್ ಟಿ ಭರವಸೆಯದು. ಗರ್ಭಿಣಿಯಾದ ಮೇಲೆ ಸಕ್ಕರೆ ನೀರು ಕುಡಿಸಿ ಮಾಡುವ ಪರೀಕ್ಷೆಗೆ ಮುನ್ನ ಆಪರೇಷನ್ ವಿಷಯ ಹೇಳಿ. ಬೈಪಾಸ್ ಆದವರಿಗೆ ಅದರಿಂದ ಬೆವರು, ತಲೆಸುತ್ತು ಬರುತ್ತದೆ. ಬದಲಿಗೆ ಒಂದು ವಾರ ಮನೆಯಲ್ಲೇ ಗ್ಲೂಕೋಮೀಟರ್‌ನಲ್ಲಿ ನೋಡಬಹುದು.

ಪ್ರಶ್ನೆ: ಅತ್ತೆಗೆ ಬೈಪಾಸ್ ಆಗಿ ಎರಡು ವರ್ಷ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತರಿಸಿಕೊಂಡು ನುಂಗುತ್ತಾರೆ. ಪರವಾಗಿಲ್ಲವೇ?
– ಓದುಗರು, ಮಾಲೂರು

ಉತ್ತರ: ಇವತ್ತೇ ನಿಲ್ಲಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಎಲ್ಲವೂ ಒಂದೇ ಜಾತಿ, ಕರುಳು ಜೋಡಿಸಿದ ಕಡೆ ಹುಣ್ಣು ಮಾಡುತ್ತವೆ. ಇಂಜೆಕ್ಷನ್ ಆದರೂ ಅಷ್ಟೇ. ಹೊಗೆಸೊಪ್ಪು, ಬೀಡಿ ಸಿಗರೇಟು ಇದ್ದರೆ ಹುಣ್ಣಿಗೆ ಇನ್ನೂ ಹತ್ತಿರ. ನೋವಿಗೆ ಪ್ಯಾರಾಸಿಟಮಾಲ್, ಬಿಸಿ ಶಾಖ, ಮೇಲೆ ಹಚ್ಚುವ ಜೆಲ್, ಫಿಸಿಯೋಥೆರಪಿ ನೋಡಿ. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋದರೆ ಕಬ್ಬಿಣದ ಮಾತ್ರೆಯಿಂದ ಅಂದುಕೊಂಡು ಸುಮ್ಮನಾಗದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.