ಡಿಮಿನಿಶ್ಡ್ ಸ್ಕೇಲ್ ಕೈಗೆ ಬಂದ ಮೇಲೂ ಅದು ಅಭ್ಯಾಸಪಾಠದಂತೆ ಕೇಳಿಸುವುದೇಕೆ?

ಡಿಮಿನಿಶ್ಡ್ ಸ್ಕೇಲನ್ನು, ಅಂದರೆ ಎಂಟು ಸ್ವರಗಳ ಆ ಪಾಶ್ಚಾತ್ಯ ಸ್ವರಶ್ರೇಣಿಯನ್ನು, ಹನ್ನೆರಡು ಸ್ವರಗಳಿಂದಲೂ ತಪ್ಪಿಲ್ಲದೆ ನುಡಿಸಬಲ್ಲಿರಿ, ಆದರೆ ಪಿಯಾನೋ ಮುಂದೆ ಮನೋಧರ್ಮಕ್ಕೆ ಕೂತಾಗ ಅದು ಅಭ್ಯಾಸಪಾಠದಂತೆಯೇ ಕೇಳಿಸುತ್ತದೆ, ಎಲ್ಲಿ ಬಳಸಬೇಕೆಂಬುದೂ ಹೊಳೆಯುವುದಿಲ್ಲ ಎಂದು ಬರೆದಿದ್ದೀರಿ. ನಾನೂ ಸುಮಾರು ಒಂದು ವರ್ಷ ಇದೇ ಸ್ಥಿತಿಯಲ್ಲಿದ್ದೆ. ತೊಂದರೆ ಇದ್ದದ್ದು ಬೆರಳುಗಳಲ್ಲಲ್ಲ. ಈ ಸ್ಕೇಲು ಕೊನೆಗೆ ಎಲ್ಲಿ ಹೋಗಿ ಇಳಿಯಬೇಕು ಎಂಬುದನ್ನು ನಾನು ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ.

ಮೊದಲು ಹೊರೆಯನ್ನು ಹಗುರ ಮಾಡಿಕೊಳ್ಳಿ. ಅರ್ಧಸ್ವರ (ತೀರಾ ಪಕ್ಕದ ಕೀ), ಪೂರ್ಣಸ್ವರ (ನಡುವೆ ಒಂದು ಕೀ ಬಿಟ್ಟು) ಎಂಬ ಎರಡೇ ಅಂತರಗಳು ಒಂದಾದ ಮೇಲೊಂದು ಬರುವುದರಿಂದ ಮೂರು ಅರ್ಧಸ್ವರಗಳಿಗೊಮ್ಮೆ ಅದೇ ವಿನ್ಯಾಸ ಮರುಕಳಿಸುತ್ತದೆ. ಹಾಗಾಗಿ ಸಿ, ಇ ಫ್ಲ್ಯಾಟ್, ಎಫ್ ಶಾರ್ಪ್, ಎ ಈ ನಾಲ್ಕರಲ್ಲಿ ಎಲ್ಲಿಂದ ಹೊರಟರೂ ಕೈಗೆ ಸಿಗುವುದು ಅವೇ ಎಂಟು ಸ್ವರಗಳು. ನಾವು ಹನ್ನೆರಡೆಂದು ಎಣಿಸಿಕೊಂಡಿರುವುದು ನಿಜವಾಗಿ ಮೂರೇ ಗುಂಪು. ಫ್ರೆಂಚ್ ಸಂಗೀತಕಾರ ಒಲಿವಿಯೇ ಮೆಸಿಯಾನ್ 1944ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ಸೀಮಿತ ಸ್ಥಾನಾಂತರದ ಮೋಡ್‌ಗಳ, ಅಂದರೆ ಕೆಲವೇ ಸಲ ಜರುಗಿಸಿದರೆ ಮತ್ತೆ ಅವೇ ಸ್ವರಗಳಿಗೆ ಮರಳುವ ಸ್ಕೇಲುಗಳ, ಸಾಲಿಗೆ ಸೇರಿಸಿದ್ದು ಈ ಗುಣವನ್ನು ನೋಡಿಯೇ. ಡಾಮಿನಂಟ್ ಸೆವೆಂತ್ ಕಾರ್ಡ್ (ಜಿ, ಬಿ, ಡಿ, ಎಫ್‌ನಂತೆ ಒಟ್ಟಿಗೆ ನುಡಿದು ಮುಂದಿನ ಕಾರ್ಡಿಗೆ ಇಳಿಯಲು ಹಾತೊರೆಯುವ ಸ್ವರಗುಂಪು) ಇದ್ದರೆ ಅದರ ಮೂಲಸ್ವರದಿಂದ ಮೊದಲು ಅರ್ಧಸ್ವರ ಏರಬೇಕು, ಡಿಮಿನಿಶ್ಡ್ ಸೆವೆಂತ್ (ಮೂರು ಮೂರು ಅರ್ಧಸ್ವರ ಅಂತರದ ನಾಲ್ಕು ಸ್ವರಗಳ ಕಾರ್ಡ್) ಇದ್ದರೆ ಮೊದಲು ಪೂರ್ಣಸ್ವರ ಏರಬೇಕು, ನಿಯಮ ಇಷ್ಟೇ.

ಬೆರಳುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಿ, ಡಿ ಫ್ಲ್ಯಾಟ್, ಇ ಫ್ಲ್ಯಾಟ್, ಇ, ಎಫ್ ಶಾರ್ಪ್, ಜಿ, ಎ, ಬಿ ಫ್ಲ್ಯಾಟ್ ಎಂಬ ಸಾಲಿಗೆ ಬಲಗೈಯಲ್ಲಿ ನಾನು 1-2-3, 1-2-3, 1-2 ಎಂದು ಹಾಕುತ್ತೇನೆ. ಹೆಬ್ಬೆರಳು ಸಿ, ಇ, ಎ ಎಂಬ ಬಿಳಿ ಕೀಗಳ ಮೇಲೆಯೇ ಬೀಳುವುದರಿಂದ ಕೈ ತಿರುಚಿಕೊಳ್ಳುವುದಿಲ್ಲ.

ಇನ್ನು ನಿಜವಾದ ಕೆಲಸ. ಎಡಗೈಯಲ್ಲಿ ಮಧ್ಯ ಸಿ ಕೆಳಗಿನ ಎಫ್, ಅದರ ಮೇಲೆ ಬಿ, ಮತ್ತೆ ಅದರ ಮೇಲೆ ಇ ಹಿಡಿಯಿರಿ. ಮೂಲಸ್ವರವಿಲ್ಲದಿದ್ದರೂ ಇದು ಜಿ ಸೆವೆಂತ್. ಜಿಯಿಂದ ಎಣಿಸಿದರೆ ಏಳನೆಯದು, ಮೂರನೆಯದು, ಹದಿಮೂರನೆಯದು ಮೂರೂ ಇದರಲ್ಲಿವೆ. ಇದರ ಮೇಲೆ ಬಲಗೈಯಲ್ಲಿ ಇ ಮೇಜರ್ ಟ್ರಯಾಡನ್ನು (ಇ, ಜಿ ಶಾರ್ಪ್, ಬಿ ಎಂಬ ಮೂರು ಸ್ವರಗಳ ಕಾರ್ಡನ್ನು) ಒತ್ತಿ ಒಂದು ಕ್ಷಣ ಕಿವಿಗೊಡಿ. ಆ ಟ್ರಯಾಡಿನ ನಡುವಿನ ಜಿ ಶಾರ್ಪ್ ಇಲ್ಲಿ ಎ ಫ್ಲ್ಯಾಟ್ ಆಗಿ, ಅಂದರೆ ಜಿ ಸೆವೆಂತ್‌ನ ಫ್ಲ್ಯಾಟ್ ಒಂಬತ್ತಾಗಿ (ಅರ್ಧಸ್ವರ ಇಳಿಸಿದ ಒಂಬತ್ತನೆಯ ಸ್ವರವಾಗಿ) ಕೇಳಿಸುತ್ತದೆ ಮತ್ತು ಕೆಳಗಿನ ಜಿಗೆ ಇಳಿಯಲು ಹಾತೊರೆಯುತ್ತದೆ. ಈಗ ಎಡಗೈಯ ಎಫ್ ಅನ್ನು ಇಗೆ ಇಳಿಸಿ, ಬಿ ಇದ್ದಲ್ಲೇ ಇರಲಿ, ಇ ಇಳಿದು ಡಿ ಆಗಲಿ: ಮೂಲಸ್ವರವಿಲ್ಲದ ಸಿ ಮೇಜರ್ ಸಿಕ್ಕಿತು. ನಾನು ಇದನ್ನು ಮೊದಲ ಸಲ ನಿಧಾನವಾಗಿ ನುಡಿಸಿದ ದಿನ ಸ್ಕೇಲನ್ನು ಮರೆತು ಆ ಎರಡು ಕಾರ್ಡುಗಳನ್ನೇ ಅರ್ಧ ಗಂಟೆ ನುಡಿಸುತ್ತ ಕೂತಿದ್ದೆ, ಏಕೆಂದರೆ ಅಲ್ಲಿಯವರೆಗೆ ಬರಿಯ ಮೆಟ್ಟಿಲುಗಳಾಗಿದ್ದ ಸ್ವರಗಳಿಗೆ ಆಗ ದಿಕ್ಕು ಬಂದಿತ್ತು. ಇದೇ ಎಡಗೈಯ ಮೇಲೆ ಬಿ ಫ್ಲ್ಯಾಟ್, ಡಿ ಫ್ಲ್ಯಾಟ್, ಜಿ ಮೇಜರ್ ಟ್ರಯಾಡುಗಳೂ ಹೊಂದುತ್ತವೆ. ನಾಲ್ಕೂ ಜಿಯಿಂದ ಮೊದಲು ಅರ್ಧಸ್ವರ ಏರಿ ಹೊರಡುವ ಸ್ಕೇಲಿನ ಎಂಟು ಸ್ವರಗಳ ಒಳಗಿನವೇ.

ಆಮೇಲೆ ಸಾಲಿಗೆ ಬನ್ನಿ. ಎಂಟು ಸ್ವರಗಳಿರುವುದರಿಂದ, ಬೀಟಿಗೆ ಎರಡರಂತೆ ನುಡಿಸಿದರೆ ಇಡೀ ಸ್ಕೇಲು ನಾಲ್ಕು ಬೀಟಿನ ಒಂದು ಬಾರ್‌ನಲ್ಲಿ ಸರಿಯಾಗಿ ಮುಗಿಯುತ್ತದೆ; ಏಳು ಸ್ವರಗಳ ಸ್ಕೇಲಿಗೆ ಈ ಅನುಕೂಲವಿಲ್ಲ. ಜಿ ಸೆವೆಂತ್ ಮೇಲೆ ಇ, ಡಿ, ಸಿ ಶಾರ್ಪ್, ಬಿ, ಬಿ ಫ್ಲ್ಯಾಟ್, ಎ ಫ್ಲ್ಯಾಟ್, ಜಿ, ಎಫ್ ಎಂದು ಇಳಿದು, ಮುಂದಿನ ಬಾರ್‌ನ ಮೊದಲ ಬೀಟಿಗೆ ಸಿ ಮೇಜರ್‌ನ ಮೂರನೆಯ ಸ್ವರವಾದ ಇ ಮೇಲೆ ನಿಲ್ಲಿ. ಮೆಟ್ರೊನೋಮ್ 60ರಲ್ಲಿರಲಿ, ಅವಸರ ಬೇಡ.

ಎರಡು ಎಚ್ಚರಿಕೆಗಳಿವೆ. ಕಾರ್ಡು ಸಿ ಮೈನರ್‌ಗೆ ಇಳಿಯುವುದಿದ್ದರೆ ಈ ಸ್ಕೇಲಿನ ಇ ಸ್ವರ, ಬರಲಿರುವ ಇ ಫ್ಲ್ಯಾಟಿನ ನಿರೀಕ್ಷೆಯನ್ನು ಕೆಡಿಸುತ್ತದೆ. ಅಲ್ಲಿ ನಾನು ಸಾಮಾನ್ಯವಾಗಿ ಸಿ ಹಾರ್ಮೋನಿಕ್ ಮೈನರ್ ಸ್ವರಗಳನ್ನೇ ಹಿಡಿಯುತ್ತೇನೆ. ಎರಡನೆಯದು ನಿಮ್ಮ ದೂರಿಗೆ ನೇರವಾಗಿ ಸಂಬಂಧಿಸಿದ್ದು: ಒಂದು ಪುಟ್ಟ ಸ್ವರಗುಚ್ಛವನ್ನು ಮೂರು ಮೂರು ಅರ್ಧಸ್ವರ ಮೇಲಕ್ಕೊಯ್ಯುವುದು ಈ ಸ್ಕೇಲಿನಲ್ಲಿ ತೀರಾ ಸುಲಭವಾದ್ದರಿಂದಲೇ ಕೇಳುವವರು ಮುಂದಿನದನ್ನು ಮೊದಲೇ ಊಹಿಸಿಬಿಡುತ್ತಾರೆ. ಎರಡು ಸಲ ಒಯ್ದರೆ ಸಾಕು. ಮೂರನೆಯ ಸಲ ಲಯವನ್ನಾದರೂ ಮುರಿಯಿರಿ, ಇಲ್ಲವೇ ನೇರವಾಗಿ ಇಳಿದುಬಿಡಿ.

ಜಿ ಸೆವೆಂತ್ ಒಂದರಲ್ಲೇ ಒಂದು ವಾರ ಕಳೆದ ಮೇಲೆ ಎಡಗೈಯನ್ನು ಬಿ ಫ್ಲ್ಯಾಟ್ ಸೆವೆಂತ್‌ಗೆ ಬದಲಿಸಿ. ಬಲಗೈಗೆ ಹೊಸ ಸ್ವರ ಒಂದೂ ಇಲ್ಲ. ಇಳಿಯುವ ಮನೆ ಮಾತ್ರ ಇ ಫ್ಲ್ಯಾಟ್ ಮೇಜರ್ ಆಗಿರುವುದರಿಂದ ಅದೇ ಸಾಲನ್ನು ಜಿಯಿಂದ ಹಿಡಿದು ಕೆಳಗಿನ ಜಿಗೆ ಮುಟ್ಟಿಸುತ್ತೀರಿ. ಇ ಸೆವೆಂತ್ ಮೇಲೆ ಅದೇ ಸಾಲು ಸಿ ಶಾರ್ಪ್‌ನಿಂದ ಸಿ ಶಾರ್ಪ್‌ಗೆ ಇಳಿದು ಎ ಮೇಜರ್ ಸೇರುತ್ತದೆ, ಡಿ ಫ್ಲ್ಯಾಟ್ ಸೆವೆಂತ್ ಮೇಲೆ ಬಿ ಫ್ಲ್ಯಾಟ್‌ನಿಂದ ಬಿ ಫ್ಲ್ಯಾಟ್‌ಗೆ ಇಳಿದು ಜಿ ಫ್ಲ್ಯಾಟ್ ಮೇಜರ್ ಸೇರುತ್ತದೆ.