ಡಯಾಲಿಸಿಸ್ ದಾವಣಗೆರೆಯಲ್ಲೇ ಸಿಗುವಾಗ ಅಪ್ಪನಿಗೆ ಕಿಡ್ನಿ ಕಸಿ ಯಾಕೆ ಬೇಕು?

ಆಪರೇಷನ್ ತಡೆದುಕೊಳ್ಳುವ ಶಕ್ತಿ ಇದ್ದರೆ, ಕಸಿ ಮಾಡಿಸಿಕೊಂಡವರು ಡಯಾಲಿಸಿಸ್‌ನಲ್ಲೇ ಉಳಿದವರಿಗಿಂತ ಸಾಮಾನ್ಯವಾಗಿ ಜಾಸ್ತಿ ವರ್ಷ ಬದುಕುತ್ತಾರೆ. ಕಸಿ ಮಾಡಿಸಿ ಅಂತ ಡಾಕ್ಟರು ಸುಮ್ನೆ ಹೇಳಿರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಡಯಾಲಿಸಿಸ್ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಅಂದರೆ 12 ಗಂಟೆ. ವಾರದಲ್ಲಿರುವುದು 168 ಗಂಟೆ. ಉಳಿದ ಹೊತ್ತೆಲ್ಲ ನೀರು, ಪೊಟ್ಯಾಸಿಯಂ, ಕಶ್ಮಲ ಮೈಯಲ್ಲೇ ಸೇರುತ್ತಾ ಹೋಗುತ್ತವೆ. ಆಮೇಲೆ ಮೆಷಿನ್ ಅದನ್ನು ಒಂದೇ ಸಲಕ್ಕೆ ಎಳೆದು ತೆಗೆಯುತ್ತದೆ. ಈ ಏರಿಳಿತದ ಪೆಟ್ಟು ಬೀಳುವುದು ಹೃದಯಕ್ಕೆ. ಸೋಮವಾರ, ಬುಧವಾರ, ಶುಕ್ರವಾರ ಹೋಗುವವರಿಗೆ ವಾರದ ಕೊನೆಗೆ ಎರಡು ದಿನ ಬಿಡುವು ಬರುತ್ತದೆ ಅಲ್ವಾ? ಆ ಬಿಡುವು ಮುಗಿಯುವ ದಿನವೇ ಸಾವು ಜಾಸ್ತಿ ಅಂತ ಅಮೆರಿಕದ 2011ರ ಅಧ್ಯಯನ ತೋರಿಸಿತು. ಹಾಗಾಗಿ ಭಾನುವಾರದ ಮದುವೆ ಊಟದಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುವ ಎಳನೀರು, ಬಾಳೆಹಣ್ಣು ಖಂಡಿತ ಬೇಡ.

ಕಸಿ ಮಾಡಿದ ಕಿಡ್ನಿ ಹಗಲೂ ರಾತ್ರಿ ಕೆಲಸ ಮಾಡುತ್ತದೆ. ಗಟ್ಟಿಮುಟ್ಟಾದವರಿಗೇ ಕಸಿ ಮಾಡುವುದರಿಂದ ಅವರು ಜಾಸ್ತಿ ಬದುಕಿದಂತೆ ಕಾಣುತ್ತದೆಯೇ ಎಂಬ ಅನುಮಾನ ನ್ಯಾಯವಾದದ್ದು. ಅದಕ್ಕೇ 1999ರ ಅಮೆರಿಕದ ಅಧ್ಯಯನವೊಂದು ಕಸಿಯಾದವರನ್ನು, ಕಸಿಗಾಗಿ ಪಟ್ಟಿಯಲ್ಲಿ ಕಾಯುತ್ತಿದ್ದವರ ಜೊತೆಗೇ ಹೋಲಿಸಿತು. ಮೊದಲ 2 ವಾರ ಕಸಿಯಾದವರಿಗೇ ಅಪಾಯ ಹೆಚ್ಚಿತ್ತು. ದೀರ್ಘಕಾಲದಲ್ಲಿ ಮಾತ್ರ ಅವರ ಸಾವಿನ ಅಪಾಯ ಶೇ. 68ರಷ್ಟು ಕಡಿಮೆ ಇತ್ತು.

ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಮಾತ್ರೆಯನ್ನು ದಿನವೂ ತಪ್ಪದೆ ನುಂಗಬೇಕು. ಮನೆಯಲ್ಲಿ ಕಿಡ್ನಿ ಕೊಡುವವರು ಇಲ್ಲದಿದ್ದರೆ, ಕಸಿ ಮಾಡುವ ಆಸ್ಪತ್ರೆಯ ಮೂಲಕ, ಸತ್ತವರು ದಾನ ಮಾಡಿದ ಅಂಗಾಂಗ ಹಂಚುವ ರಾಜ್ಯದ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಅಪ್ಪನ ಹೆಸರು ಬೇಗ ಬರೆಸಿ.